ಸ್ತ್ರೀಲಿಂಗವಿಲ್ಲದ ಮೇಸ್ತ್ರಿ

ಪದಗಳ ಮೂಲ ಹೇಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಅದಕ್ಕೆ ಕಾರಣ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು.

ತೊಂಬತ್ತರ ದಶಕದಲ್ಲಿ ಮಲ್ಲಂದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಎಂದರೆ ಹಾಜರಿ ಹಾಕುವವನು, ಕಥೆ ಬರೆಯುವವನಲ್ಲ. ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಕಾಯಿಲೆ ಬಿದ್ದು ಊರಿಗೆ ಹೋದ ಮೇಲೆ ಇಡೀ ಕೊಯ್ಲನ್ನು ನಡೆಸಿದ್ದು ಹಣ್ಣು ಕೊಯ್ಯುವವರಲ್ಲೇ ಒಬ್ಬ ಹಿರಿಯ ಹೆಂಗಸು. ಅವರಿಗೆ ಬೇಕಾಗಿದ್ದು ಮೇಸ್ತ್ರಿ ಎಂಬ ಹೆಸರು, ಅದರ ಜೊತೆಗೆ ಆಳುಗಳ ಮನೆಗಳ ಸಾಲಾದ ಲೈನಿನ ತುದಿಯಲ್ಲಿ ಮೇಸ್ತ್ರಿಗೆಂದೇ ಇದ್ದ ಎರಡು ಕೋಣೆಯ ಮನೆ. ಎಸ್ಟೇಟಿನ ಸಾಹುಕಾರರನ್ನು ಬಾಯಿ ಬಿಟ್ಟು ಕೇಳಿಯೂ ಕೇಳಿದರು.

ಸಾಹುಕಾರರಿಗೆ ಇಲ್ಲ ಎನ್ನಲು ಧೈರ್ಯವಿರಲಿಲ್ಲ, ಹೂಂ ಎನ್ನಲು ಮನಸ್ಸಿರಲಿಲ್ಲ. ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನೆಂಟ ಮೇಷ್ಟ್ರ ಕಡೆ ತಿರುಗಿದರು.

"ಹೆಂಗಸನ್ನ ಮೇಸ್ತ್ರಿ ಅನ್ನಬಹುದಾ ಮೇಷ್ಟ್ರೇ?"

"ಆಗೋದೇ ಇಲ್ಲ. ಅದು ಸಂಸ್ಕೃತದ ಮಹಾಶಾಸ್ತ್ರಿ, ಸವೆದು ಮೇಸ್ತ್ರಿ ಆಗಿದೆ. ಶಾಸ್ತ್ರಿಗೆ ಎಲ್ಲಾದ್ರೂ ಸ್ತ್ರೀಲಿಂಗ ಉಂಟಾ? ಮೇಸ್ತ್ರಮ್ಮ ಅಂದ್ರೆ ಮೇಸ್ತ್ರಿ ಹೆಂಡ್ತಿ ಅಂತಾಗ್ತದೆ. ಇವ್ಳು ಯಾರ ಹೆಂಡ್ತಿ ಅಂತ ಜನ ಕೇಳಲ್ವಾ?"

ಆ ಹೆಂಗಸು ಅಂಗಳದಲ್ಲೇ ನಿಂತಿದ್ದರು. ನನಗೆ ಮೈ ಉರಿಯಿತು.

"ಮೇಸ್ತ್ರಿ ಒಳಗೇ ಸ್ತ್ರೀ ಇದ್ದಾಳಲ್ಲ ಮೇಷ್ಟ್ರೇ" ಎಂದೆ.

"ನೀನು ಹಾಜರಿ ಹಾಕು ಮಾರಾಯ" ಎಂದರು.

ಎಂಥ ಪಾಂಡಿತ್ಯ. ಆ ಪದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅವರ 'ಮೆಸ್ತ್ರೆ' ಕರಾವಳಿಯಲ್ಲಿ ಇಳಿದು, ಕೊಂಕಣಿ, ತುಳು, ಮಲಯಾಳ, ತಮಿಳಿನವರ ಬಾಯಲ್ಲೆಲ್ಲ ತಿರುಗಿ, ಹಿಂದಿಯಲ್ಲಿ ಮಿಸ್ತ್ರಿಯಾಗಿ, ಘಟ್ಟ ಹತ್ತಿ ನಮ್ಮಲ್ಲಿಗೂ ಬಂತು. ಅದಕ್ಕೂ ಇಂಗ್ಲಿಷಿನ ಮಾಸ್ಟರಿಗೂ ಲ್ಯಾಟಿನ್ನಿನಲ್ಲಿ ಒಂದೇ ಬೇರು. ಆ ಮಾಸ್ಟರೇ ನಮ್ಮಲ್ಲಿ ಮೇಷ್ಟ್ರು. ಅಂದರೆ ಈ ಮಹಾಶಯರು ತಮ್ಮ ದಾಯಾದಿಗೇ ಜನಿವಾರ ಹಾಕಿ ಶಾಸ್ತ್ರಿ ಮಾಡಿದ್ದರು. ಇನ್ನು ಲಿಂಗದ ಮಾತು. ಮೇಸ್ತ್ರಿ ಬಂದ, ಮೇಸ್ತ್ರಿ ಬಂದಳು, ಮೇಸ್ತ್ರಿ ಬಂದರು, ಕನ್ನಡದಲ್ಲಿ ಎಲ್ಲವೂ ಸಲೀಸು. ಗಂಡೋ ಹೆಣ್ಣೋ ಎಂದು ಹೇಳುವ ಕೆಲಸ ಕ್ರಿಯಾಪದದ್ದು. ಪ್ರೈಮರಿ ಮಕ್ಕಳಿಗೆ ಬರುವ ಈ ಪಾಠ ಜೀವಮಾನವಿಡೀ ವ್ಯಾಕರಣ ಬೋಧಿಸಿದವರಿಗೆ ಬರಲಿಲ್ಲ, ಅಥವಾ ಬೇಕಾಗಿರಲಿಲ್ಲ.

ಸಾಹುಕಾರರಿಗೆ ಪರಮಾನಂದ. ಗೋಣಿಬೀಡಿನಿಂದ ಒಬ್ಬ ಗಂಡಸನ್ನು ಕರೆಸಿದರು. ಕಾಯಿ ಯಾವುದು, ಹಣ್ಣು ಯಾವುದು ಎಂದು ತಿಳಿಯದವನು, ಆದರೆ ಪುಲ್ಲಿಂಗ. ಎರಡು ಕೋಣೆಯ ಮನೆ ಅವನದಾಯಿತು.

ಮರುದಿನ ಬೆಳಿಗ್ಗೆ ಹಾಜರಿಗೆ ಆ ಹೆಂಗಸನ್ನು ಮತ್ತೆ ಹೆಣ್ಣಾಳುಗಳ ಸಾಲಿನಲ್ಲಿ ನಿಲ್ಲಿಸಿದರು. ಆಳು ಎಂಬ ಪದಕ್ಕೆ ಸ್ತ್ರೀಲಿಂಗ ಬೇಕಾದಾಗ ಯಾರೂ ಯಾವ ಮೇಷ್ಟ್ರನ್ನೂ ಕೇಳಿರಲಿಲ್ಲ.