ಲ್ಯಾಪ್‌ಟಾಪಿನೊಳಗಿನ ನೀಲವ್ವ

"ಇದಕ್ಕ ಕಿವಿ ಇಲ್ಲೇನಬೇ? ನಾವು ಉಸರ ತಗೊಳ್ಳಾಕ ನಿಂತ್ರ, ಇದು ಮುಂದ ಮುಂದ ಓಡ್ತೈತಿ!"

ಹೀಗೆಂದು ನನ್ನ ಲ್ಯಾಪ್‌ಟಾಪಿಗೆ ಬೈದವರು ನಮ್ಮ ಅತ್ತೆ ಗಂಗವ್ವ. ಬೈಗುಳ ಅದಕ್ಕೋ, ಅದನ್ನು ತಂದಿಟ್ಟ ನನಗೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. (ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅತ್ತೆಯ ಮುಂದೆ ಮಾತ್ರ ಇವತ್ತಿಗೂ ವಿದ್ಯಾರ್ಥಿನಿ.)

ಆದದ್ದಿಷ್ಟು. ಗುಡಗೇರಿಯ ನಮ್ಮ ಓಣಿಯಲ್ಲಿ ಐವರು ಹೆಂಗಸರ ಭಜನಾ ತಂಡವಿದೆ. ಪ್ರತಿ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲೇ ಹಾಡುತ್ತಾರೆ. ಪದ ಎತ್ತಿಕೊಡುವವರು ಅತ್ತೆ. ದಮ್ಮಡಿ ಬಾರಿಸುವವಳು ಎದುರುಮನೆಯ ನೀಲವ್ವ. ಊಟದ ತಾಟಿನಷ್ಟು ಅಗಲದ ಆ ಚರ್ಮದ ವಾದ್ಯವನ್ನು ಅವಳು ಎಡಗೈಯಲ್ಲಿ ಹಿಡಿದು ಬಾರಿಸತೊಡಗಿದರೆ, ಕಾಯಿಪಲ್ಲೆ ಮಾರುವವನೂ ಗಾಡಿ ನಿಲ್ಲಿಸುತ್ತಾನೆ.

ಈ ನೀಲವ್ವ ಮಗಳ ಬಾಣಂತನಕ್ಕೆಂದು ದೇವಿಕೊಪ್ಪಕ್ಕೆ ಹೋಗಿಬಿಟ್ಟಳು. ಎರಡನೆಯ ಕೂಸು. ಹಿರಿಯವಳ ಶಾಲೆ ತಪ್ಪಬಾರದೆಂದು ಮಗಳು ತವರಿಗೆ ಬರಲಿಲ್ಲ. ತವರೇ ಅಲ್ಲಿಗೆ ಹೋಯಿತು. ಸರಿ, ಹೋಗಲಿ ಬಿಡಿ ಎನ್ನುವಷ್ಟರಲ್ಲಿ ಸುದ್ದಿ ಬಂತು: ಕುಂದಗೋಳದಲ್ಲಿ ಮಹಿಳೆಯರ ಭಜನಾ ಸ್ಪರ್ಧೆ, ಇನ್ನು ಮೂರು ವಾರಕ್ಕೆ.

ದಮ್ಮಡಿಯ ತಾಳ ಬೇರಾರಿಗೂ ಬಾರದು. ಅದಿಲ್ಲದೆ ಹಾಡಿ ನೋಡಿದರು. ಒಬ್ಬರು ಬೆಂಗಳೂರಿಗೆ ಹೊರಟರೆ ಒಬ್ಬರು ಬೆಳಗಾವಿಗೆ ಹೊರಟಂತಿತ್ತು. ಆಗ ನಾನು ಬಾಯಿ ಬಿಟ್ಟೆ. "ನಾ ಕಂಪ್ಯೂಟರ್‌ನ್ಯಾಗ ತಾಳ ಹಾಕಿ ಕೊಡ್ತೇನಿ." ಯಾಕಾದರೂ ಹಾಗೆಂದೆನೋ!

ಶಾಲೆಯ ಮಕ್ಕಳು ಮಗ್ಗಿಯನ್ನು ಹಾಡಿಕೊಂಡು ಕಲಿಯಲಿ ಎಂದು ಒಂದು ಫ್ರೀ ಸಾಫ್ಟ್‌ವೇರ್ ಇಳಿಸಿಕೊಂಡಿದ್ದೆ. ಅದರಲ್ಲಿ ಮಿಡಿ ಎಂಬುದೊಂದಿದೆ. "ಮಿಡಿ ಅಂದ್ರ? ಉಪ್ಪಿನಕಾಯಿ ಹಾಕೂದೇನು?" ಎಂದರು ಅತ್ತೆ. ಅಲ್ಲ. ಮಿಡಿ ಎಂದರೆ ಸದ್ದಲ್ಲ, ಸದ್ದಿನ ಚೀಟಿ. ಯಾವ ಪೆಟ್ಟು, ಯಾವಾಗ, ಎಷ್ಟು ಜೋರು, ಅಷ್ಟೇ ಬರೆದಿರುತ್ತದೆ. ಪರದೆಯ ಮೇಲೆ ಗ್ರಾಫ್ ಹಾಳೆಯಂತೆ ಸಾಲು ಸಾಲು ಮನೆಗಳು. ಬೇಕಾದ ಮನೆಯಲ್ಲಿ ಕ್ಲಿಕ್ ಮಾಡಿದರೆ ಅಲ್ಲೊಂದು ಪೆಟ್ಟು ಕೂರುತ್ತದೆ. ಬೇಡವಾದರೆ ಅಳಿಸಬಹುದು, ಜರುಗಿಸಬಹುದು. ಗಣಿತದವಳಿಗೆ ಇದಕ್ಕಿಂತ ಸುಖ ಉಂಟೆ?

ಮೊದಲು ಅದರಲ್ಲೇ ಇದ್ದ ಡ್ರಮ್ ಸದ್ದು ಹಾಕಿದೆ. ಢಬ್ ಢಬ್ ಚಕ್. "ಯವ್ವಾ, ಇದು ಮದುವಿ ಮೆರವಣಿಗಿ ಸದ್ದು. ಇದಕ್ಕ ಭಜನಿ ಅಲ್ಲ, ಡ್ಯಾನ್ಸ್ ಮಾಡಬೇಕು," ಎಂದಳು ತಂಡದ ಸಣ್ಣ ದನಿಯ ಶಾಂತಕ್ಕ. ಹೇಳಿದ್ದಷ್ಟೇ ಅಲ್ಲ, ಎರಡು ಹೆಜ್ಜೆ ಹಾಕಿಯೂ ಬಿಟ್ಟಳು.

ನೀಲವ್ವನ ದಮ್ಮಡಿ ನಮ್ಮ ಮನೆಯ ಗೂಟದಲ್ಲೇ ತೂಗುತ್ತಿತ್ತು. ಅತ್ತೆ ಅದನ್ನು ಮೂರು ಬಗೆಯಲ್ಲಿ ಬಡಿದರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸಾಫ್ಟ್‌ವೇರಿಗೆ ತುಂಬಿದೆ. ಈಗ ಸದ್ದು ಅಗದಿ ದಮ್ಮಡಿಯದೇ. ಆದರೆ ಹಾಡಲು ಕೂತರೆ ಮತ್ತದೇ ರಗಳೆ. ಇವರು ನಿಂತಲ್ಲಿ ಅದು ನಿಲ್ಲದು. "ಕಿವಿ ಇಲ್ಲೇನಬೇ" ಎಂದು ಅತ್ತೆ ಬೈದದ್ದು ಆಗಲೇ.

ನೀಲವ್ವನನ್ನೇ ಕೇಳೋಣ ಎನಿಸಿತು. ತಾಳವನ್ನು ಅವಳ ಮೊಬೈಲಿಗೆ ಕಳಿಸಿ, ಫೋನ್ ಹಚ್ಚಿದೆ.

"ಇದು ನನ್ನ ದಮ್ಮಡಿ ಅಲ್ಲೇನ್ರಿ ಅಕ್ಕೋರ?"

"ಹೌದು ನೀಲಕ್ಕಾ."

"ಯಾರು ಬಾರಸ್ಯಾರ?"

"ಕಂಪ್ಯೂಟರ್."

"ಛಲೋ ಆತು ಬಿಡ್ರಿ. ಇನ್ನ ನಾ ಬರೂದು ಏನ್ ಅವಸರಿಲ್ಲ." ಫೋನ್ ಇಟ್ಟೇಬಿಟ್ಟಳು.

ಅತ್ತೆ ನನ್ನ ಮುಖ ನೋಡಿದರು. "ಆಕೀನ ಕೇಳದ ಆಕಿ ದಮ್ಮಡಿ ಮುಟ್ಟಿದ್ದು ತಪ್ಪಾತು," ಎಂದಷ್ಟೇ ಹೇಳಿ ಒಳಗೆ ಹೋದರು. ಮೂವತ್ತು ವರ್ಷದ ಗೆಳೆತನ ಅವರದು. ಲೆಕ್ಕ ಬಿಡಿಸುವ ಖುಷಿಯಲ್ಲಿ, ಆ ಲೆಕ್ಕದೊಳಗೆ ಒಬ್ಬಳು ಮನುಷ್ಯಳಿದ್ದಾಳೆ ಎಂಬುದನ್ನೇ ಮರೆತಿದ್ದೆನಲ್ಲ!

ಎರಡು ದಿನ ಅವಳು ಫೋನ್ ಎತ್ತಲಿಲ್ಲ. ಮೂರನೆಯ ದಿನ ಶಾಲೆ ಬಿಟ್ಟು ಬರುವಾಗ ಅವಳೇ ಹಚ್ಚಿದಳು. ನಮಸ್ಕಾರವಿಲ್ಲ, "ಆರಾಮೇನ್ರಿ" ಇಲ್ಲ.

"ಅಕ್ಕೋರ, ಎರಡನೇ ಸಾಲಿನ ಕೊನೀಗೆ ನಾ ಪೆಟ್ಟು ಹಾಕೂದಿಲ್ರಿ. ಅಲ್ಲಿ ಗಂಗವ್ವ ಉಸರ ತಗೋತಾಳ. ಕಾಯ್ತೇನಿ."

"ಎಷ್ಟೊತ್ತು ಕಾಯ್ತೀರಿ?"

"ಎಷ್ಟೊತ್ತಂದ್ರ? ಆಕಿ ತಗೊಳ್ಳೂತನಾ!"

ನಾನು ದಾರಿಯಲ್ಲೇ ನಿಂತು ನಕ್ಕುಬಿಟ್ಟೆ. ಅವಳೂ ನಕ್ಕಳು. "ಖರೇ ಹೇಳ್ತೇನ್ರಿ, ಮದ್ಲ ಸಿಟ್ಟು ಬಂದಿತ್ತು. ಕೂಸಿಗೆ ಎಣ್ಣಿ ಹಚ್ಚುವಾಗ ಮತ್ತ ಮತ್ತ ಕೇಳಿದೆ. ಅದರಾಗ ಭಾಳ ಕಡೆ ತಪ್ಪಿತ್ತು. ಅಗದಿ ಸಮಾಧಾನ ಆತು ನೋಡ್ರಿ!"

ಆಮೇಲಿನ ದಿನಗಳ ಸಂಭ್ರಮ ಏನು ಹೇಳಲಿ? ಸಂಜೆಯಾದರೆ ಫೋನಿನಲ್ಲಿ ನೀಲವ್ವ, ಮೌಸ್ ಹಿಡಿದು ನಾನು. ಪೆಟ್ಟುಗಳೆಲ್ಲ ನೆಟ್ಟಗೆ ಮನೆಯೊಳಗೇ ಕೂರಲಿ ಎಂಬ ಒಂದು ಸೌಕರ್ಯ ಈ ಸಾಫ್ಟ್‌ವೇರಿನಲ್ಲಿದೆ. ಅದನ್ನು ಮೊದಲು ಆಫ್ ಮಾಡಿದೆ. "ಕೂದಲೆಳಿಯಷ್ಟು ಹಿಂದ ಸರಸ್ರಿ." ಸರಿಸಿದೆ. "ಭಾಳಾತು, ಅರ್ಧ ಕೂದಲಾ ಮುಂದ ಬರ್ರಿ." ಬಂದೆ. "ಇಲ್ಲಿ ಮೆತ್ತಗ. ಇಲ್ಲಿ ಶಾಂತಿ ಹಾಡ್ತಾಳ, ಆಕಿ ದನಿ ಮುಚ್ಚಬಾರದು." ಪೆಟ್ಟಿನ ಜೋರು ತೋರಿಸುವ ಗೆರೆಯನ್ನು ಕೆಳಗೆಳೆದೆ. "ಇಲ್ಲಿ ಗಟ್ಟಿ. ಇಲ್ಲಿ ಎಲ್ಲಾರಿಗೂ ನಿದ್ದಿ ಬಂದಿರ್ತೈತಿ."

ಅವಳ ಒಂದೊಂದು ಪೆಟ್ಟಿನಲ್ಲೂ ಒಬ್ಬೊಬ್ಬರು ಇದ್ದರು. ಒಬ್ಬಳ ಉಸಿರು, ಒಬ್ಬಳ ಮರೆವು, ಒಬ್ಬಳ ನಾಚಿಕೆ. ಇಷ್ಟು ವರ್ಷ ಅದೇ ಪಡಸಾಲೆಯಲ್ಲಿ ಚಹಾ ಹಂಚುತ್ತ ಓಡಾಡಿದ ನನ್ನ ಕಿವಿಗೆ ಇದ್ಯಾವುದೂ ಬಿದ್ದಿರಲಿಲ್ಲ.

ತಾಲೀಮು ಜೋರಾಯಿತು. ತಾಳ ಈಗ ಓಡುತ್ತಿರಲಿಲ್ಲ, ಕಾಯುತ್ತಿತ್ತು. ಅತ್ತೆ ಲ್ಯಾಪ್‌ಟಾಪಿಗೆ ಬೈಯುವುದನ್ನು ಬಿಟ್ಟು, ಅದರ ಧೂಳು ಒರೆಸತೊಡಗಿದರು.

ಸ್ಪರ್ಧೆಯ ದಿನ ಕುಂದಗೋಳಕ್ಕೆ ಹೋದೆವು. ವೇದಿಕೆಯ ಮೇಲೆ ಸ್ಪೀಕರಿಗೆ ವೈರ್ ಸಿಕ್ಕಿಸುತ್ತಿದ್ದೆ. ಸಂಘಟಕರೊಬ್ಬರು ಬಂದರು. "ಮೇಡಮ್ಮಾರ, ರೆಕಾರ್ಡ್ ಹಚ್ಚಂಗಿಲ್ರಿ. ಎದುರಿಗೇ ಬಾರಸ್ಬೇಕು." ನಿಯಮ ನಿಯಮವೇ. ಮೊದಲೇ ಕೇಳಿಕೊಳ್ಳಬೇಕಿತ್ತಲ್ಲವೆ? (ಕೇಳಿಕೊಳ್ಳಬೇಕಿದ್ದವಳು ನಾನೇ.) ವೈರ್ ಕೈಯಲ್ಲಿ ಹಿಡಿದೇ ಅತ್ತೆಯ ಕಡೆ ತಿರುಗಿದೆ.

ಅತ್ತೆ ಸೆರಗು ಸಿಕ್ಕಿಸಿದರು. "ಬಂದ್ ಮಾಡಬೇ ಅದನ್ನ. ನೀಲವ್ವ ಎಲ್ಲೆಲ್ಲಿ ಹೊಡೀತಾಳ ಅಂತ ಈಗ ನಮಗೆಲ್ಲಾ ಬಾಯಿಪಾಠ ಆಗೇತಿ. ಚಪ್ಪಾಳಿ ಹೊಡದ ಹಾಡೂಣು."

ನಾಲ್ವರೇ ಕೂತು ಹಾಡಿದರು. ಎಂಟು ಕೈ, ಒಂದೇ ಚಪ್ಪಾಳೆ. ಎರಡನೆಯ ಸಾಲಿನ ಕೊನೆಗೆ ಎಂಟೂ ಕೈ ಗಾಳಿಯಲ್ಲಿ ನಿಂತವು. ಅತ್ತೆ ಉಸಿರು ತೆಗೆದುಕೊಂಡರು. ಕೈಗಳು ಮತ್ತೆ ಇಳಿದವು. ಶಾಂತಕ್ಕನ ಪಾಳಿ ಬಂದಾಗ ಬರೀ ಬೆರಳ ತುದಿಗಳು. ಕೆಳಗೆ ಕುರ್ಚಿಯಲ್ಲಿ ಮೊಬೈಲ್ ಎತ್ತಿ ಹಿಡಿದು ಕೂತಿದ್ದೆ. ಆ ಕಡೆ ದೇವಿಕೊಪ್ಪದಲ್ಲಿ ನೀಲವ್ವ ಫೋನಿಗೆ ಕಿವಿ ಹಚ್ಚಿದ್ದಳು. ಜನ ಚಪ್ಪಾಳೆಗೆ ಚಪ್ಪಾಳೆ ಸೇರಿಸಿದರು.

ಎರಡನೆಯ ಬಹುಮಾನ ಬಂತು! ಒಬ್ಬೊಬ್ಬರಿಗೆ ಒಂದೊಂದು ಸ್ಟೀಲ್ ಡಬ್ಬಿ. ನಾಲ್ಕು ಕೊಟ್ಟರು. ಅತ್ತೆ ಐದನೆಯದಕ್ಕೂ ಕೈ ಚಾಚಿದರು. "ನೀವು ನಾಕ ಮಂದಿ ಅಲ್ಲೇನ್ರಿ?" ಎಂದರು ಸಂಘಟಕರು. "ಐದನೇದಾಕಿ ಹೇಳಿದಲ್ಲೇ ನಾವು ಚಪ್ಪಾಳಿ ಹೊಡದಿದ್ದು. ಕೊಡ್ರಿ ಇತ್ಲಾಗ." ಕೊಟ್ಟರು. ಕೊಡದೆ ಏನು ಮಾಡುತ್ತಾರೆ?

ಹೋದ ಸೋಮವಾರ ನೀಲವ್ವ ಊರಿಗೆ ಮರಳಿದಳು. ಸಂಜೆ ಬಂದವಳಿಗೆ ಅತ್ತೆ ದಮ್ಮಡಿ ಕೊಡಹೋದರೆ, "ತಡಿ ಗಂಗಿ, ಮದ್ಲ ಅದನ್ನ ಹಚ್ಚಸು. ನೀವು ಹಾಡ್ರಿ, ನಾ ಕೇಳ್ತೇನಿ," ಎಂದಳು. ಲ್ಯಾಪ್‌ಟಾಪ್ ಬಾರಿಸಿತು, ನಾಲ್ವರು ಹಾಡಿದರು. ನೀಲವ್ವ ಗೋಡೆಗೊರಗಿ, ಕಾಲು ಚಾಚಿ, ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಬಾರಿಸುವವಳಿಗೆ ಹಾಗೆ ಕೂತು ಕೇಳುವ ಪುರುಸೊತ್ತು ಯಾವತ್ತು ಸಿಕ್ಕಿತ್ತು?

ಪದ ಮುಗಿಯಿತು. ಅವಳ ಕಣ್ಣುಗಳು ಅರಳಿದ್ದವು.

"ನಾ ಇಷ್ಟು ಛಲೋ ಬಾರಸ್ತೇನೇನ್ರಿ?"

"ಹೂಂ ಮತ್ತ," ಎಂದರು ಅತ್ತೆ. "ಮದ್ಲ ಹೇಳಿದ್ರ ತೆಲಿ ಮ್ಯಾಲ ಕುಂದರ್ತಿದ್ದಿ ಅಂತ ಹೇಳಿರಲಿಲ್ಲ."

ಪಡಸಾಲೆಯೆಲ್ಲ ನಗು. ನೀಲವ್ವ ನಗುತ್ತಲೇ ದಮ್ಮಡಿ ಕೈಗೆತ್ತಿಕೊಂಡಳು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ನೀ ಎಷ್ಟು ಛಲೋ ಮಾಡ್ತಿ" ಎಂಬ ಮಾತನ್ನು ನಿಮ್ಮ ಮನೆಯಲ್ಲಿ ಇನ್ನೂ ಯಾರಿಗೆ ಹೇಳಿಲ್ಲ?