ಉರಿಗಾಂನಿಂದ ಬಂದವಳು

ದೆವ್ವದ ಮಾತೆತ್ತಿದವರನ್ನು ಗೇಲಿ ಮಾಡುವುದು ನನ್ನ ಹುಟ್ಟುಗುಣ. ಬಂಗಾರಪೇಟೆ ಪಕ್ಕದ ನಮ್ಮೂರಲ್ಲಿ ಮೇಷ್ಟ್ರಾಗಿದ್ದಾಗ ಅಂಥವರ ಬೆವರಿಳಿಸಿದ್ದೂ ಉಂಟು. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ.

ನಮ್ಮ ತಾತ ಚಿನ್ನದ ಗಣಿಗೆಂದು ಹೋದವರು ಮರಳಲಿಲ್ಲ. ಅಲ್ಲೇ ಇನ್ನೊಂದು ಮದುವೆಯಾಗಿದ್ದಾರೆಂಬ ಗಾಳಿಮಾತಿತ್ತು. ಅಜ್ಜಿ ಮಾತ್ರ ದಿನಾ ಕುಂಕುಮ ಇಟ್ಟುಕೊಂಡು ಕಾಯುತ್ತಿದ್ದಳು. ಅರವತ್ತರ ದಶಕದ ಮೊದಲಲ್ಲಿ ನನ್ನನ್ನು ಜನಗಣತಿ ಕೆಲಸಕ್ಕೆ ಹಾಕಿದರು.

"ಅವ್ರು ಬದುಕವ್ರೋ ಇಲ್ವೋ ತಿಳ್ಕೊಂಡ್ ಬಾರ್ಲಾ. ಈ ಕುಂಕುಮ ನಿಜವೋ ಸುಳ್ಳೋ ಗೊತ್ತಾಗ್ಲಿ" ಎಂದಳು ಅಜ್ಜಿ.

ಕಚೇರಿಯಲ್ಲಿ ಹಳೆಯ ಗಣತಿಯ ಕಟ್ಟುಗಳನ್ನು ಕೆದಕಿದೆ. ತಾತನ ಹೆಸರು, ಹುಟ್ಟಿದೂರು ಸಿಕ್ಕವು. ಕೆಳಗೆ ಹೆಂಡತಿ, ಇಬ್ಬರು ಗಂಡುಮಕ್ಕಳು. ಉರಿಗಾಂ ಗಣಿಯ ಕೂಲಿ ಲೈನಿನ ಒಂದು ಸಾಲುಮನೆ. ಮಾರನೆಯ ಬೆಳಿಗ್ಗೆ ಅಜ್ಜಿಗೆ ಏನೂ ಹೇಳದೆ ಮಾರಿಕುಪ್ಪಂ ರೈಲು ಹತ್ತಿದೆ.

ಆ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಮುದುಕ, "ಅವರು ಗಣಿಯಾಗೇ ಓಗ್ಬುಟ್ರು ಸಾರ್, ಬಂಡೆ ಬಿದ್ದು. ಅವರ ಎಂಡ್ರು, ಆಯಮ್ಮನೂ ಓದ ಮಳೆಗಾಲ ತೀರ್ಕೊಂಡ್ತು. ಪಸಂಗ, ಗಂಡುಮಕ್ಳು ಇಬ್ರೂ ಮದ್ರಾಸ್ ಸೇರ್ಕೊಂಡ್ರು" ಎಂದ.

ವಾಪಸು ಬರುವಾಗ ದಾರಿಯುದ್ದಕ್ಕೂ ಸಂಕಟಪಟ್ಟೆ. ಕೊನೆಗೆ ಅಜ್ಜಿಗೆ ಹೇಳುವುದೇ ಬೇಡವೆಂದು ತೀರ್ಮಾನಿಸಿದೆ.

ಸಂಜೆ ಮನೆಗೆ ಬಂದರೆ ಅಜ್ಜಿ ತಲೆಗೆ ನೀರು ಹುಯ್ದುಕೊಂಡು ಜಗಲಿಯಲ್ಲಿ ಕೂತಿದ್ದಳು. ಹಣೆ ಬೋಳು, ಕೈಯಲ್ಲಿ ಬಳೆಯಿಲ್ಲ.

"ಮದ್ಯಾನ್ನ ಉರಿಗಾಂನಿಂದ ಒಬ್ಳು ಬಂದಿದ್ಲು. ಅವ್ರು ಬಂಡೆ ಬಿದ್ದು ಓದ್ರಂತೆ" ಎಂದಳು.

"ಯಾರಜ್ಜಿ ಅವಳು?"

"ಎಂಗ್ಲಾ ಕೇಳ್ಲಿ? ಗಂಡನ ಎಸ್ರು ಅವಳೂ ಯೋಳಂಗಿಲ್ಲ, ನಾನೂ ಯೋಳಂಗಿಲ್ಲ. 'ಅವ್ರು' ಅಂದ್ಲು. ನಾನೂ 'ಅವ್ರು' ಅಂದೆ. ಇಬ್ರಿಗೂ ತಿಳೀತು. ಒಟ್ಗೆ ಕುಂತು ಅತ್ವಿ. ಇನ್ನೊಂದ್ ದಿನ ಬತ್ತೀನಿ ಅಕ್ಕಾ ಅಂದು ಓದ್ಲು."

ಯಾರೋ ನೆಂಟರಿರಬೇಕೆಂದು ಮತ್ತೆ ಆ ಲೈನಿಗೆ ಹೋಗಿ ವಿಚಾರಿಸಿದೆ. ಅಲ್ಲಿಂದ ಯಾರೂ ನಮ್ಮೂರಿಗೆ ಬಂದಿರಲಿಲ್ಲ. ತಾತನ ಆ ಸಂಸಾರದಲ್ಲಿ ಹೆಣ್ಣುಮಕ್ಕಳಂತೂ ಇರಲೇ ಇಲ್ಲ. ತಾತನ ಆ ಹೆಂಡತಿ ಸತ್ತು ಎಷ್ಟೋ ತಿಂಗಳಾಗಿತ್ತೆಂದು ಅಜ್ಜಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ತಾತನಿಗೆ ಕಾಯುವುದನ್ನು ಬಿಟ್ಟ ಅಜ್ಜಿ ಆಮೇಲೆ ಅವಳಿಗಾಗಿ ಕಾದಳು.

ಕೆಲವು ವರ್ಷಗಳ ನಂತರ, ಕೊನೆಯುಸಿರೆಳೆಯುವ ಮುಂಚೆ ಅಜ್ಜಿ ಕಣ್ಣು ಬಿಟ್ಟು, "ಬಂದ್ಲು, ದಾರಿ ಬಿಡ್ಲಾ" ಎಂದಳು. ಬಾಗಿಲಲ್ಲಿ ನಿಂತಿದ್ದ ನಾನು ಪಕ್ಕಕ್ಕೆ ಸರಿದೆ. ಯಾಕೆ ಸರಿದೆನೋ, ಇವತ್ತಿಗೂ ಗೊತ್ತಿಲ್ಲ.