ಒಂಟೆ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದ

ನಾನು ಚಿಕ್ಕವಳಿದ್ದಾಗ ಕಂಡಕಂಡವರನ್ನೆಲ್ಲ ಪ್ರಶ್ನೆ ಕೇಳಿ ಬೈಸಿಕೊಳ್ಳುತ್ತಿದ್ದೆ. ಹುಣಿಸೆಹಣ್ಣಿನ ಹುಳಿ ಅದರ ಎಲೆಗೆ ಹೇಗೆ ಬಂತು, ಬೆಕ್ಕಿಗೆ ಬೆವರು ಯಾಕೆ ಬರುವುದಿಲ್ಲ, ಹೀಗೆ. ಆದರೆ ಎಂಟು ವರ್ಷದವಳಿದ್ದಾಗ ಹುಟ್ಟಿದ ಒಂದು ಪ್ರಶ್ನೆಗೆ ನಮ್ಮ ಮನೆಯ ದೊಡ್ಡವರ ಹತ್ತಿರವೂ ಉತ್ತರವಿರಲಿಲ್ಲ. ಇಡೀ ತಾಲ್ಲೂಕಿಗೇ ಬೇಕಾಗಿದ್ದ ನಮ್ಮ ಅತ್ತೆ ಚುನಾವಣೆಯಲ್ಲಿ ಸೋತದ್ದು ಹೇಗೆ?

ಅತ್ತೆ ಎಂದರೆ ಅಪ್ಪನ ಅಕ್ಕ. ಗುಬ್ಬಿಯಲ್ಲಿ ನಮ್ಮ ಮನೆಯ ಮುಂಭಾಗದಲ್ಲಿ ಅಪ್ಪನ ಟೈಲರ್ ಅಂಗಡಿ, ಹಿಂದಿನ ಕೋಣೆಯಲ್ಲಿ ಅತ್ತೆ. ಅವಳು ಸೂಲಗಿತ್ತಿ. ಹೆರಿಗೆ ಮಾಡಿಸುವುದೇ ಅವಳ ಕಸುಬು. ಗೋಡೆಯ ಮೊಳೆಗೆ ಒಂದು ಖಾದಿ ಚೀಲ ಸದಾ ತಯಾರಾಗಿ ತೂಗುತ್ತಿತ್ತು. ಅದರೊಳಗೆ ಕುದಿಸಿ ಒಣಗಿಸಿದ ದಾರ, ಕತ್ತರಿ, ಹರಳೆಣ್ಣೆಯ ಸೀಸೆ, ಮೆತ್ತಗಿನ ಹಳೇ ಬಟ್ಟೆ. ಯಾವ ಹೊತ್ತಿನಲ್ಲಿ ಗಾಡಿ ಬಂದು ನಿಂತರೂ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಸಂತೆಗೆ ಅವಳ ಜೊತೆ ಹೋದರೆ ಹತ್ತು ಹೆಜ್ಜೆಗೊಬ್ಬರು ನಿಲ್ಲಿಸಿ, "ಇವ್ನು ನೀವೇ ಎತ್ಕೊಂಡ ಮಗ ಕಣವ್ವ" ಎಂದು ತೋರಿಸುತ್ತಿದ್ದರು. ನನಗೋ ಹೆಮ್ಮೆ.

ಹಿಂದಿನ ಮಳೆಗಾಲದಲ್ಲಿ ಒಬ್ಬ ತಾಯಿಯ ಹೆರಿಗೆ ಕಷ್ಟವಾಗಿತ್ತು. ತುಮಕೂರಿನ ದೊಡ್ಡಾಸ್ಪತ್ರೆಗೆ ಸಾಗಿಸೋಣವೆಂದರೆ ಹಳ್ಳ ತುಂಬಿ ಗಾಡಿ ದಾಟಲಿಲ್ಲ. ಆ ತಾಯಿ ಉಳಿಯಲಿಲ್ಲ. ನಾಲ್ಕನೆಯ ದಿನ ಅತ್ತೆ ತಾಲ್ಲೂಕು ಕಚೇರಿಗೆ ಹೋಗಿ, ನಮ್ಮ ಹೋಬಳಿಗೊಂದು ಹೆರಿಗೆ ಆಸ್ಪತ್ರೆ ಕೊಡಿ ಎಂದು ಕೇಳಿದಳು. ಅಲ್ಲಿದ್ದ ಗುಮಾಸ್ತರು, "ಅದನ್ನೆಲ್ಲ ಬೆಂಗಳೂರಲ್ಲಿ ಎಂಎಲ್‌ಎ ಆದೋರು ಕೇಳ್ಬೇಕು ಕಣಮ್ಮ" ಎಂದರಂತೆ. ಅತ್ತೆ ಮನೆಗೆ ಬಂದು ಚೀಲ ಮೊಳೆಗೆ ಹಾಕಿ, "ಹಂಗಾದ್ರೆ ನಾನೇ ಹೋಗಿ ಕೇಳ್ತೀನಿ ಬುಡು" ಎಂದಳು. ಅಪ್ಪ ಹೊಲಿಗೆ ಮಿಷನ್ನಿನ ಪೆಡಲ್ ತುಳಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು.

ಯಾವ ಪಕ್ಷವೂ ಇಲ್ಲದೆ ಅತ್ತೆ ಒಂಟಿಯಾಗಿ ನಿಂತಳು. ಅವಳಿಗೆ ಸಿಕ್ಕ ಗುರುತು ಒಂಟೆ. ನಮ್ಮ ಕಡೆ ಒಂಟೆ ನೋಡಿದವರು ಯಾರಿದ್ದರು? ಕುಣಿಗಲ್ಲಿನಿಂದ ಬಂದ ಬೋರ್ಡ್ ಬರೆಯುವವನು ಕುದುರೆ ಬರೆಯುವುದರಲ್ಲಿ ನಿಸ್ಸೀಮ. ಅವನು ಚೆಂದದ ಕುದುರೆಯೊಂದನ್ನು ಬರೆದು, ಬೆನ್ನ ಮೇಲೊಂದು ಗುಡ್ಡ ಇಟ್ಟ. ಜನ ಅದನ್ನು "ಗೂನು ಕುದುರೆ" ಎಂದು ಕರೆದರು. ಅಪ್ಪನ ಸೈಕಲ್ಲಿಗೆ ಆ ಬೋರ್ಡು ಕಟ್ಟಿಕೊಂಡು ನಾವು ಊರೂರು ಸುತ್ತಿದೆವು. ಹೋದಲ್ಲೆಲ್ಲ ಮಜ್ಜಿಗೆ, ಬೆಲ್ಲ, ಎಳನೀರು. ಆ ಹೆಂಗಸರು ಅತ್ತೆಯ ಕೈ ಹಿಡಿದುಕೊಳ್ಳುತ್ತಿದ್ದ ರೀತಿ ನೋಡಿ, ಗೆಲುವು ನಮ್ಮದೇ ಎಂದು ನಾನು ಶಾಲೆಯಲ್ಲಿ ಸಾರಿಬಿಟ್ಟಿದ್ದೆ.

ಎಣಿಕೆಯ ದಿನ ಅಪ್ಪ, ಅತ್ತೆ, ನಾನು ಬೆಳಗಿನ ರೈಲಿನಲ್ಲಿ ತುಮಕೂರಿಗೆ ಹೋದೆವು. ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಕ್ಕೆ ಕಣ್ಣಿಗೆ ಕಲ್ಲಿದ್ದಲ ಪುಡಿ ಬಿದ್ದು, ದಾರಿಯುದ್ದಕ್ಕೂ ಉಜ್ಜಿಕೊಂಡೆ. ಎಣಿಕೆ ನಡೆಯುತ್ತಿದ್ದ ಕಟ್ಟಡದೊಳಗೆ ಮಕ್ಕಳನ್ನು ಬಿಡಲಿಲ್ಲ. ಹೊರಗೆ ಹೊಂಗೆಮರದ ಕೆಳಗೆ ಪುರಿ ಮಾರುತ್ತಿದ್ದ ಅಜ್ಜಿಯ ಹತ್ತಿರ ನನ್ನನ್ನು ಕೂರಿಸಿ ಅವರು ಒಳಗೆ ಹೋದರು. ನಾನು ಕೂರುವವಳೇ? ಗೋಡೆಯ ಪಕ್ಕದ ಕಲ್ಲೊಂದನ್ನು ಹತ್ತಿ ಕಿಟಕಿಯಿಂದ ಇಣುಕಿದೆ.

ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಕಬ್ಬಿಣದ ಪೆಟ್ಟಿಗೆ. ಮೇಲೆ ಅವರ ಗುರುತಿನ ಚಿತ್ರ. ಜನ ಪರದೆಯ ಹಿಂದೆ ಹೋಗಿ ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುತ್ತಿದ್ದರು. ಒಂದೊಂದು ಊರಿನ ಪೆಟ್ಟಿಗೆ ತೆರೆದಾಗಲೂ ಒಳಗಿಂದ ಚೀಟಿಗಳ ಜೊತೆ ಏನೇನೋ ಉದುರುತ್ತಿತ್ತು. ಬಾಡಿದ ಕಣಗಿಲೆ ಹೂವು, ಕುಂಕುಮದ ಪೊಟ್ಟಣ, ಒಮ್ಮೆ ಎರಡು ಅಡಿಕೆ. ದೇವರ ಹುಂಡಿಯೆಂದುಕೊಂಡಿದ್ದರೋ ಏನೋ! ಬೇರೆ ಪೆಟ್ಟಿಗೆಗಳಿಂದ ಚೀಟಿಗಳು ರಾಶಿಯಾಗಿ ಸುರಿದವು. ಒಂಟೆಯ ಪೆಟ್ಟಿಗೆ ಬೋರಲು ಹಾಕಿದಾಗ ಮಾತ್ರ ಮೇಜಿನ ಮೇಲೆ ನಾಲ್ಕಾರು. ಅತ್ತೆ ಸೆರಗನ್ನು ಬಿಗಿಯಾಗಿ ಹೊದ್ದು ನೆಟ್ಟಗೆ ಕೂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಒಂದು ಒಂಟೆ ಪೆಟ್ಟಿಗೆಯಿಂದ ಚೀಟಿಯೇ ಬೀಳಲಿಲ್ಲ. ಮಡಿಸಿದ ಒಂದು ಕಾಪಿ ಹಾಳೆ ಬಿತ್ತು. ಅಧಿಕಾರಿ ಅದನ್ನು ಬಿಡಿಸಿ ಓದಿಕೊಂಡು, ಕನ್ನಡಕ ತೆಗೆದು, "ಇದು ಮತವಲ್ಲ. ನಿಮಗೆ ಬರೆದಿರೋದು, ಕೇಳಿಸ್ಕೊಳ್ಳಿ" ಎಂದು ಅತ್ತೆಗೆ ಹೇಳಿ, ಎಲ್ಲರಿಗೂ ಕೇಳುವಂತೆ ಓದಿದರು.

"ಗುಬ್ಬಿ ಅವ್ವನೋರಿಗೆ ನಮಸ್ಕಾರ. ನೀವು ಗೆದ್ರೆ ಬೆಂಗಳೂರಿಗೆ ಹೋಗ್ತೀರಂತೆ. ನಮ್ಮ ಸೊಸೆಗೆ ತಿಂಗಳು ತುಂಬ್ತಾ ಬಂದೈತೆ. ಚೊಚ್ಚಲು. ಆವಾಗ ನಾವು ಯಾರನ್ನ ಕರೀಬೇಕು? ಅದ್ಕೇ ನಿಮಗೆ ಓಟು ಹಾಕಿಲ್ಲ. ತಪ್ಪು ತಿಳೀಬ್ಯಾಡಿ."

ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅತ್ತೆಯೂ ನಕ್ಕಳು. ನಗುನಗುತ್ತಲೇ ಅವಳ ಕಣ್ಣು ತುಂಬಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಿಟಕಿಯಲ್ಲಿದ್ದ ನಾನು ನೋಡಿದೆ. ಎಣಿಕೆ ಇನ್ನೂ ಬಾಕಿಯಿತ್ತು, ಆದರೆ ಅತ್ತೆ ಎದ್ದಳು. ಪೆಟ್ಟಿಗೆ ಯಾವ ಊರಿನದೆಂದು ಕೇಳಿಕೊಂಡು ಹೊರಗೆ ಬಂದಳು. "ಅಕ್ಕ, ಪೂರ್ತಿ ಮುಗೀಲಿ ಇರು" ಎಂದರು ಅಪ್ಪ. "ಮುಗ್ದೋಯ್ತಲ್ಲೋ. ಆ ಊರಲ್ಲಿ ತಿಂಗಳು ತುಂಬ್ತಿರೋ ಚೊಚ್ಚಲ ಬಸುರಿ ಒಬ್ಳೇ ಇರೋದು. ಬಾ ಮಗಾ, ನೋಡ್ಕೊಂಡು ಬರಾಣ" ಎಂದು ನನ್ನ ಕೈ ಹಿಡಿದಳು.

ಅಪ್ಪ ಎಣಿಕೆಗೆಂದು ಅಲ್ಲೇ ಉಳಿದರು. ನಾವಿಬ್ಬರೂ ಗುಬ್ಬಿಯಲ್ಲಿ ರೈಲಿಳಿದು, ರಾಗಿ ಕೊಯ್ದ ಹೊಲಗಳಲ್ಲಿ ನಡೆದೆವು. ಕೂಳೆ ಚುಚ್ಚಿ ನನ್ನ ಕಾಲು ಉರಿಯುತ್ತಿತ್ತು. ತೆಂಗಿನ ತೋಟದ ಅಂಚಿನಲ್ಲಿದ್ದ ಆ ಮನೆ ತಲುಪಿದಾಗ ಬಿಸಿಲು ಇಳಿದಿತ್ತು. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಅತ್ತೆಯನ್ನು ಕಂಡದ್ದೇ ಮೊರ ಬಿಟ್ಟು ಒಳಗೆ ಓಡಲು ನೋಡಿದಳು.

"ಎಲ್ಲಿಗ್ ಓಡ್ತೀಯಜ್ಜಿ? ನಿನ್ ಕಾಗ್ದ ಬಂತು" ಎಂದಳು ಅತ್ತೆ.

"ನಾನೊಬ್ಳೇ ಅಲ್ಲ ಕಣವ್ವ! ಊರೋರೆಲ್ಲ ಹಂಗೇ ಮಾತಾಡ್ಕಂಡ್ವಿ. ಕಾಗ್ದ ಬರ್ಸಿದ್ದು ಮಾತ್ರ ನಾನು. ಹೇಳ್ದೆ ಇದ್ರೆ ಮೋಸ ಆಗಲ್ವಾ?"

ಅತ್ತೆ ಕೈಕಾಲು ತೊಳೆದು ಒಳಗೆ ಹೋಗಿ ಸೊಸೆಯ ಹೊಟ್ಟೆ ಮುಟ್ಟಿ ನೋಡಿದಳು. ಇನ್ನೂ ವಾರವಿದೆ, ಮಗು ಸರಿಯಾಗಿ ತಿರುಗಿದೆ ಎಂದಳು. ಮುದುಕಿಗೆ ಧೈರ್ಯ ಬಂತು. ನಮ್ಮಿಬ್ಬರಿಗೂ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸುತ್ತ, "ನೋಡ್ದಾ, ನೀನ್ ಗೆದ್ದಿದ್ರೆ ಇವತ್ತು ಇಲ್ಲಿ ಇರ್ತಿದ್ದಾ?" ಎಂದಳು.

ಅತ್ತೆ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ನಾನ್ ಇರ್ತಿರಲಿಲ್ಲ ಕಣಜ್ಜಿ. ಆದ್ರೆ ಇಲ್ಲೊಂದು ಆಸ್ಪತ್ರೆ ಇರ್ತಿತ್ತು. ನಾಳೆ ನಾನು ಸತ್ರೂ ಅದು ಇರ್ತಿತ್ತು. ಹೋದ ಮಳೇಲಿ ಆ ಹುಡ್ಗಿ ಹತ್ರ ನಾನು ಇರ್ಲಿಲ್ವಾ? ಇದ್ದೆ. ಇದ್ದೂ ಏನ್ ಮಾಡಕ್ಕಾಯ್ತು?"

ಮುದುಕಿ ಒಲೆಗೆ ಇನ್ನೊಂದು ತೆಂಗಿನ ಗರಿ ತುರುಕಿದಳು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಜನ ಅತ್ತೆಯನ್ನು ಸೋಲಿಸಿದ್ದು ಅವಳು ಬೇಡವೆಂದಲ್ಲ, ಬಿಟ್ಟುಕೊಡಲಾರದೆ. ಆದರೆ ಉತ್ತರ ಸಿಕ್ಕಿದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಮುದುಕಿಗೂ ಆಗಲಿಲ್ಲವೆಂದು ಕಾಣುತ್ತದೆ. ಅವಳು ಸೌಟು ಕೆಳಗಿಟ್ಟು, "ನಮ್ ಓಟೆಲ್ಲ ಗೆಲ್ಲೋ ಆವಯ್ಯಂಗೆ ಹೋಗೈತಲ್ಲ. ಆಸ್ಪತ್ರೆ ಅವನ್ನೇ ಕೇಳಾಣ. ನೀನ್ ಮುಂದೆ ನಡಿ, ನಾವ್ ಹಿಂದೆ ಬರ್ತೀವಿ" ಎಂದಳು.

ಸೊಸೆಗೆ ಹೆಣ್ಣುಮಗುವಾಯಿತು. ಬಾಣಂತನ ಮುಗಿದ ಮೇಲೆ ಆ ಮುದುಕಿ ನಿಜಕ್ಕೂ ಹೆಂಗಸರನ್ನು ಕಟ್ಟಿಕೊಂಡು, ಅತ್ತೆಯ ಹಿಂದೆ ಗೆದ್ದವರ ಮನೆ ಬಾಗಿಲಿಗೆ ಹೋದಳು. ಒಂದು ಸಲವಲ್ಲ, ಎಷ್ಟೋ ಸಲ. ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ನಮ್ಮ ಹೋಬಳಿಯಲ್ಲಿ ಕೆಂಪು ಹೆಂಚಿನ ಪುಟ್ಟ ಹೆರಿಗೆ ಆಸ್ಪತ್ರೆ ಎದ್ದಿತು. ಅಲ್ಲಿನ ಉದ್ಘಾಟನೆಯ ಕಲ್ಲಿನ ಮೇಲೆ ಅತ್ತೆಯ ಹೆಸರಿಲ್ಲ. ಅವಳು ಅದನ್ನು ಓದಲೂ ಹೋಗಲಿಲ್ಲ. ಒಳಗೆ ಹೋಗಿ ಹಾಸಿಗೆಗಳನ್ನು ಒತ್ತಿ ನೋಡಿ, ನೀರಿನ ನಲ್ಲಿ ತಿರುಗಿಸಿ ನೋಡಿ ಬಂದಳು.

ಮೊಮ್ಮಕ್ಕಳೇ, ಈಗ ನಿಮ್ಮಪ್ಪ ಅಮ್ಮ ಓಟು ಹಾಕುವುದು ಗುಂಡಿ ಒತ್ತಿ. ಆ ಮಿಷನ್ನಿನೊಳಗೆ ಕಾಗದ ಹಾಕಿ ಕ್ಷಮೆ ಕೇಳಲು ಜಾಗವಿಲ್ಲ. ನೀವು ಮೂವರೂ ಹುಟ್ಟಿದ್ದು ತುಮಕೂರಿನ ಆಸ್ಪತ್ರೆಯಲ್ಲಿ. ಹೊರಗೆ ಜೋರು ಮಳೆ ಬಂದಾಗಲೂ ಯಾರೂ ಹಳ್ಳದ ನೀರು ನೋಡಿ ಹೆದರಲಿಲ್ಲ. ನಿಮ್ಮನ್ನು ಮೊದಲು ಕೈಗೆತ್ತಿಕೊಂಡ ನರ್ಸಮ್ಮನ ಹೆಸರೇನೆಂದು ಮೊನ್ನೆ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಬೇಸರವಾಗಲಿಲ್ಲ. ಅತ್ತೆ ಓಟು ಕೇಳಿಕೊಂಡು ಊರೂರು ಅಲೆದದ್ದು, ಯಾರೂ ಒಬ್ಬರ ಹೆಸರನ್ನೇ ನೆಚ್ಚಿಕೊಂಡು ಹುಟ್ಟುವಂತಾಗಬಾರದು ಎಂದೇ.